ವಾಸನೆಯಿಲ್ಲದ ಬಾಟಲಿ

ಜನವರಿ ೧೮, ಶನಿವಾರ. ಲೇಹ್.

ಅತ್ತೆ ಇವತ್ತು ನನ್ನ ಮಗ ಜಿಗ್ಮತ್‌ನನ್ನು ಬರಿಗೈಯಲ್ಲಿ ಎತ್ತಿಕೊಂಡರು. ಹುಟ್ಟಿ ಮೂರು ತಿಂಗಳಾಯಿತು, ಇದೇ ಮೊದಲು. ಚಳಿಗೆ ಬಿರಿದ ತಮ್ಮ ಕೈ ಕೂಸಿಗೆ ತರಚೀತು ಅಂತ ಕೈಗವಸು ತೆಗೆಯುತ್ತಲೇ ಇರಲಿಲ್ಲ. ನನ್ನ ಗಂಡ ತಂದ ಗುಲಾಬಿ ಪರಿಮಳದ ಲೋಷನ್ ಹಚ್ಚಿಕೊಂಡು ಉರಿಗೆ ಅತ್ತಿದ್ದರು. ಆಮೇಲೆ ಯಾವ ಬಾಟಲಿ ತೋರಿಸಿದರೂ "ಬೇಡ ಕಣೇ" ಅನ್ನುತ್ತಿದ್ದರು.

ಎರಡು ವಾರದ ಹಿಂದೆ ಔಷಧಿ ಅಂಗಡಿಯಲ್ಲಿ ನಿಂತು ಒಂದೊಂದೇ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆ. ಅಂಗಡಿಯ ರಿಗ್ಜಿನ್ ನಕ್ಕ. "ಅಕ್ಕಾ, ಪರೀಕ್ಷೆಗೆ ಓದ್ತಿದೀರಾ? ಒಂಬೈನೂರರದ್ದು ತಗೊಳ್ಳಿ, ಒಳ್ಳೇದು."

ಕೆಳಗಿನ ಸಾಲಿಂದ ನೂರೆಂಬತ್ತು ರೂಪಾಯಿಯ ಬಾಟಲಿ ಎತ್ತಿದೆ. ಗ್ಲಿಸರಿನ್ ಇತ್ತು, ಪರಿಮಳ ಇರಲಿಲ್ಲ.

"ಅದಕ್ಕೆ ವಾಸನೇನೇ ಇಲ್ಲ, ಯಾರೂ ಕೊಳ್ಳಲ್ಲ."

"ಅದಕ್ಕೇ ನನಗೆ ಬೇಕು" ಅಂದೆ.

ಪರಿಮಳ ಇಲ್ಲ, ಉರಿಯಲ್ಲ ಅಂತ ಅತ್ತೆಯನ್ನು ಹೇಗೋ ಒಪ್ಪಿಸಿ, ದಿನಕ್ಕೆರಡು ಸಲ, ಅವರ ಕೈ ತೊಳೆದು ಪಸೆ ಆರುವ ಮೊದಲೇ, ನಾನೇ ಹಚ್ಚಿದೆ. ಮೊದಲ ದಿನ ಅತ್ತೆ ಕಣ್ಣು ಮುಚ್ಚಿ ಉರಿಗಾಗಿ ಕಾದರು. ಉರಿಯಲಿಲ್ಲ.

ಇವತ್ತು ಮಧ್ಯಾಹ್ನ ಒಲೆಯ ಪಕ್ಕ ಕೂತು, "ಕೊಡಿಲ್ಲಿ ಕೂಸನ್ನ" ಅಂದರು. ಕೆನ್ನೆ ಸವರಿದರು. ಅವನು ಅಳಲಿಲ್ಲ, ಅವರ ಹೆಬ್ಬೆರಳು ಹಿಡಿದುಕೊಂಡ.

"ನೀನೇ ಗೆದ್ದೆ ಬಿಡು" ಅಂದರು, ನನ್ನ ಕಡೆ ನೋಡದೆ.

ಈ ಮನೆಗೆ ಬಂದು ನಾಲ್ಕು ವರ್ಷ. ಅವರ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಸಲ ಬರೆದುಕೊಳ್ತೀನಿ: ನಾನೇ ಗೆದ್ದೆ.