ಬೋಲ್ಟಿನ ಮೇಲಿನ ಹಳದಿ ಗೆರೆ

ನನೀಟನ್
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಮಾರಿಯನ್,

ನಿನ್ನ ಕಾಗದ ಬಂದಾಗ ನಮ್ಮ ಹಿತ್ತಲಲ್ಲಿ ಬೀನ್ಸ್ ಬಳ್ಳಿ ಹೂ ಬಿಟ್ಟಿತ್ತು. ಈಗ ಬಳ್ಳಿ ಒಣಗಿ ಬರೀ ಕಡ್ಡಿಗಳು ನಿಂತಿವೆ. ಇಷ್ಟು ತಡ ಮಾಡಿದ ಮೇಲೆ ಕ್ಷಮೆ ಕೇಳಲೂ ಸಂಕೋಚ. ಬರೆಯದೆ ಇರಲಿಲ್ಲ. ಬರೆದದ್ದನ್ನೆಲ್ಲ ಓದಿ ನೋಡಿದರೆ, ಶಾಲೆಯಿಂದ ಮಕ್ಕಳ ತಂದೆತಾಯಿಗೆ ಕಳಿಸುವ ಸೂಚನೆಯ ಹಾಗೆ ಇರುತ್ತಿತ್ತು. ಹರಿದು ಹಾಕುತ್ತಿದ್ದೆ. ನಿನ್ನ ಮೊಣಕಾಲಿನ ಆಪರೇಷನ್ ಆಯಿತೆಂದು ಕಾರು ಕ್ಲಬ್ಬಿನ ಡೆಸ್ಮಂಡ್ ಹೇಳಿದ. ಮೆಟ್ಟಿಲು ಹತ್ತುವ ಆತುರ ಬೇಡ.

ನೀನು ಕೇಳಿದ್ದು ಒಂದೇ ಮಾತು. "ನೀವು ಕಟ್ಟುತ್ತಿರುವ ಕಾರು ಸರಿಹೋಗದಿದ್ದರೆ ಕೀತ್‌ನ ಕಾರು ಇಲ್ಲೇ ಇದೆ. ಲೆಸ್ಟರಿನವನು ಕೊಳ್ಳುತ್ತೇನೆಂದು ಮತ್ತೆ ಕೇಳುತ್ತಿದ್ದಾನೆ. ಅದು ನಿಮ್ಮ ಮನೆಗೆ ಬಂದರೆ ನನಗೆ ಸಮಾಧಾನ." ಇದಕ್ಕೆ ಹೌದು ಅಥವಾ ಇಲ್ಲ ಅಂದರೆ ಸಾಕಿತ್ತು. ನನ್ನಿಂದ ಎರಡೂ ಆಗಲಿಲ್ಲ.

ನೆನಪಿದೆಯಾ, ಮಾರ್ಚಿನಲ್ಲಿ ನಿಮ್ಮ ಮನೆಗೆ ಬಂದು ಅದನ್ನು ನೋಡಿದ್ದು? ಜನವರಿಯಲ್ಲಷ್ಟೇ ಆಸ್ಪತ್ರೆಯವರು ನನ್ನ ರಸೆಲ್‌ನ ಕಾಯಿಲೆಗೆ ಹೆಸರಿಟ್ಟಿದ್ದರು. ಐವತ್ತಮೂರಕ್ಕೇ ಮರೆವಿನ ರೋಗ. ಕಾರ್ಖಾನೆಯವರು ಅವನನ್ನು ಯಾಕೆ ಮನೆಗೆ ಕಳಿಸಿದರು ಎಂಬುದೂ ಆಗಲೇ ಅರ್ಥವಾದದ್ದು. ಅವನ ಲೈಸೆನ್ಸ್ ಹೋಯಿತು. "ಇಷ್ಟವಾದದ್ದನ್ನು ಮಾಡಲಿ, ಈಗಲೇ ಮಾಡಲಿ" ಅಂದರು ಡಾಕ್ಟರು. ಹದಿನೆಂಟರ ವಯಸ್ಸಿನಿಂದ ಅವನಿಗೆ ಇಷ್ಟವಾದದ್ದು ಅದೊಂದೇ: ಆ ಅರವತ್ತರ ದಶಕದ, ಮೇಲ್ಛಾವಣಿಯಿಲ್ಲದ ಪಂದ್ಯದ ಕಾರು. ಅಸಲಿಯನ್ನು ನಮ್ಮಂಥವರು ಚಿತ್ರದಲ್ಲಿ ನೋಡಬೇಕು. ನಕಲನ್ನು ಬಿಡಿಭಾಗಗಳ ಕಿಟ್ ತರಿಸಿ ಕಟ್ಟಬಹುದು, ಇಲ್ಲವೇ ಕೀತ್‌ನಂಥವರು ಕಟ್ಟಿಟ್ಟದ್ದನ್ನು ಕೊಳ್ಳಬಹುದು.

ಕೀತ್‌ನ ಕಾರಿನಲ್ಲಿ ಕೂತಾಗ ರಸೆಲ್‌ನ ಮೊಣಕಾಲು ಸ್ಟೀರಿಂಗಿಗೆ ತಾಗಿತು. "ಪೆಡಲ್ ಎಲ್ಲ ಕೀತ್ ತನ್ನ ಕಾಲಿಗೆ ಅಳೆದು ಕೂರಿಸಿದ್ದು. ಪಾಪ, ಅವನಿಗೆ ಇದ್ದದ್ದೇ ಅಷ್ಟುದ್ದ ಕಾಲು" ಎಂದು ನೀನು ನಗಿಸಿದೆ. ಆಮೇಲೆ ರಸೆಲ್ ಇಳಿದು ನೆಲದ ಮೇಲೆ ಮಲಗಿ ಒಂದೊಂದೇ ಬೋಲ್ಟನ್ನು ನೋಡಿದ. ಪ್ರತಿಯೊಂದರ ಮೇಲೂ ನಿನ್ನ ಉಗುರು ಬಣ್ಣದ ಕೆಂಪು ಗೆರೆ. ಬೋಲ್ಟನ್ನು ಬಿಗಿ ಮಾಡಿ, ಅದರ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಗೆರೆ ಎಳೆಯುವುದು ಕಾರು ಕಟ್ಟುವ ಇವರೆಲ್ಲರ ರೂಢಿ. ಗೆರೆ ಇದೆ ಅಂದರೆ ಕೆಲಸ ಮುಗಿದಿದೆ, ಮತ್ತೆ ನೋಡಬೇಕಾಗಿಲ್ಲ. ಗೆರೆ ತುಂಡಾಗಿದೆ ಅಂದರೆ ಬೋಲ್ಟು ಜರುಗಿದೆ. "ಒಂದನ್ನೂ ಬಿಟ್ಟಿಲ್ಲ ಕಣಮ್ಮ ನಿನ್ನ ಗಂಡ" ಎಂದು ರಸೆಲ್ ಹೇಳಿದಾಗ ನೀನು ಟೀ ತರುವ ನೆವದಲ್ಲಿ ಒಳಗೆ ಹೋದೆ. ನಾನು ಬೇಕೆಂದೇ ಹಿಂದೆ ಬರಲಿಲ್ಲ.

ಅವತ್ತೇ ಕೊಂಡುಬಿಡಬೇಕಿತ್ತೇನೋ. ನಾನೇ ಓಡಿಸುತ್ತಿದ್ದೆ, ಅವನು ಪಕ್ಕದಲ್ಲಿ ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದ. ಒಂದು ಬೇಸಿಗೆಯಾದರೂ ಸಿಗುತ್ತಿತ್ತು. ಆದರೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಹೀಗೆ.

"ಕೊಂಡ್ರೆ ಅದು ಯಾವತ್ತಿದ್ರೂ ಕೀತ್ ಕಾರೇ" ಅಂದ ರಸೆಲ್. "ಕಟ್ಟಿದ್ರೆ ನನ್ನದು."

"ಕಟ್ಟೋಕೆ ಎರಡು ವರ್ಷ ಬೇಕು, ರಸ್" ಅಂದೆ. ಬಾಯಿಂದ ಮಾತು ಜಾರಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಡೆಸ್ಮಂಡ್ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತ, "ಕ್ಲಬ್ಬಿನಲ್ಲಿ ಹತ್ತು ವರ್ಷದಿಂದ ಕಟ್ತಾನೇ ಇರೋರಿದಾರೆ. ಹೆಂಡ್ತಿ ಬಿಟ್ಟುಹೋದ್ಲು, ಕಾರಿಗೆ ಇನ್ನೂ ಬಾಗಿಲು ಬಂದಿಲ್ಲ" ಅಂದ. ರಸೆಲ್ ಜೋರಾಗಿ ನಕ್ಕ. ಡೆಸ್ಮಂಡ್ ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ಕೈ ಮರೆಯಲ್ಲ ಲಿನ್. ತಲೆ ಮರೆತ್ರೂ ಕೈ ಮರೆಯಲ್ಲ. ಕಟ್ಟಲಿ ಬಿಡು" ಅಂದ.

ಆ ಮಾತನ್ನು ನಂಬಿದೆ. ನಂಬಿದೆನೋ, ನಂಬಲು ಯಾರಾದರೂ ಒಂದು ಮಾತು ಕೊಡಲಿ ಎಂದು ಕಾದಿದ್ದೆನೋ, ಈಗ ಹೇಳಲಾರೆ.

ಮೇ ತಿಂಗಳಲ್ಲಿ ಕಾರಿನ ಚೌಕಟ್ಟು ಬಂತು, ಪೆಟ್ಟಿಗೆಗಳು ಬಂದವು. ಮಾರಿಯನ್, ಮೊದಲ ಕೆಲವು ವಾರ ನನಗೆ ನನ್ನ ಗಂಡ ವಾಪಸು ಸಿಕ್ಕಿದ್ದ. ನಾನು ಶಾಲೆಯಿಂದ ಬರುವ ಹೊತ್ತಿಗೆ ಗ್ಯಾರೇಜಿನಲ್ಲಿ ಸಿಳ್ಳೆ ಕೇಳುತ್ತಿತ್ತು. ಬೆರಳಿಗೆಲ್ಲ ಹಳದಿ ಬಣ್ಣ ಮೆತ್ತಿಕೊಂಡು ಊಟಕ್ಕೆ ಬರುತ್ತಿದ್ದ. ಅವನ ಗೆರೆ ಹಳದಿ. "ಮುಂದಿನ ಚಕ್ರದ ತೋಳು ಕೂತ್ಕೊಂಡ್ತು ಕಣೇ. ಸರ್ಕಾರದ ತಪಾಸಣೆಯೋನು ಬಂದು ಇದಕ್ಕೆ ಜೋತಾಡಲಿ ಬೇಕಾದ್ರೆ" ಎನ್ನುತ್ತಿದ್ದ.

ಜುಲೈನಲ್ಲಿ ಒಂದು ಶನಿವಾರ ಡೆಸ್ಮಂಡ್ ಅದೇ ತೋಳಿನ ಮೇಲೆ ಕೈಯೂರಿದ. ಬೋಲ್ಟು ಬೆರಳಲ್ಲೇ ತಿರುಗಿ ಹೊರಗೆ ಬಂತು. ಅದರ ಮೇಲೆ ನೇರವಾದ, ಅಚ್ಚುಕಟ್ಟಾದ ಹಳದಿ ಗೆರೆ. ಡೆಸ್ಮಂಡ್ ಅದನ್ನು ಅದರ ತೂತಿಗೇ ವಾಪಸು ತೂರಿಸಿದ. ಹೊರಡುವಾಗ ಕಸದ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿದ.

"ಅರ್ಧಕ್ಕರ್ಧ ಹಾಗೇ ಇವೆ, ತಾಯಿ. ಗೆರೆ ಎಳೆದಿದಾನೆ, ಬಿಗಿ ಮಾಡಿಲ್ಲ. ಮಾಡಿದ್ದೀನಿ ಅಂತಲೇ ಅವನ ಮನಸ್ಸಿನಲ್ಲಿದೆ."

"ಕೈ ಮರೆಯಲ್ಲ ಅಂದಿದ್ಯಲ್ಲ ನೀನು" ಅಂದೆ. ಅನ್ಯಾಯದ ಮಾತು. ಅವನು ತಲೆ ತಗ್ಗಿಸಿ ನಿಂತ. ಅಷ್ಟು ದೊಡ್ಡ ದೇಹದ ಮನುಷ್ಯ, ನನ್ನ ಶಾಲೆಯಲ್ಲಿ ಬೈಸಿಕೊಂಡ ಹುಡುಗನ ಹಾಗೆ ಕಂಡ.

ರಸೆಲ್‌ಗೆ ಹೇಳುವುದು ಬೇಡ ಎಂದುಕೊಂಡೆವು. ಅವನು ಮಂಗಳವಾರ ಹಗಲು ಕೇಂದ್ರಕ್ಕೆ ಹೋದಾಗ ಡೆಸ್ಮಂಡ್ ಬಂದು, ಹಳೆಯ ಗೆರೆ ಒರೆಸಿ, ಬಿಗಿ ಮಾಡಿ, ಮತ್ತೆ ಹಳದಿ ಬಳಿಯುತ್ತಿದ್ದ. ನಾನು ದೀಪ ಹಿಡಿಯುತ್ತಿದ್ದೆ. ಪ್ರೀತಿಯಿಂದ ಮಾಡುತ್ತಿದ್ದೇವೆ ಎಂದೇ ತಿಳಿದಿದ್ದೆ. ಆದರೆ ಗೆರೆಯ ಓರೆ ಅವನಿಗೆ ಗೊತ್ತಾಗಿಬಿಟ್ಟಿತು. ಅದು ಮಾತ್ರ ಅವನಿಗೆ ಮರೆತಿರಲಿಲ್ಲ.

"ಯಾರೋ ಮುಟ್ಟಿದಾರೆ" ಎಂದು ಬಾಗಿಲಲ್ಲಿ ನಿಂತ. "ಇದು ನನ್ನ ಕೈಯ ಗೆರೆ ಅಲ್ಲ. ಯಾರೋ ನನ್ನ ಕಾರನ್ನ ಹಾಳು ಮಾಡ್ತಿದಾರೆ, ಲಿನ್."

ಎಲ್ಲವನ್ನೂ ಬಿಚ್ಚಿದ. ಮತ್ತೆ ಜೋಡಿಸಿದ. ಮತ್ತೆ ಬಿಚ್ಚಿದ. ಆಗಸ್ಟಿನಿಂದ ಈಚೆಗೆ ನಡೆಯುತ್ತಿರುವುದು ಇದೇ. ಡೆಸ್ಮಂಡ್ ಮೇಲೆ ಅನುಮಾನ ಬಂದು ಅವನನ್ನು ಗ್ಯಾರೇಜಿಗೆ ಸೇರಿಸುವುದಿಲ್ಲ. ಆದರೂ ಡೆಸ್ಮಂಡ್ ಶನಿವಾರ ತಪ್ಪದೆ ಬರುತ್ತಾನೆ, ಅಡುಗೆಮನೆಯಲ್ಲಿ ಕೂತು ಗೋಡೆಯ ಆಚೆಯ ಸ್ಪ್ಯಾನರ್ ಸದ್ದು ಕೇಳಿ ಹೋಗುತ್ತಾನೆ.

ಈಗ ಮನೆಯೊಳಗೂ ಗೆರೆಗಳು ಬಂದಿವೆ. ಬಾಗಿಲಿನ ತಿರುಗಣಿ, ನಲ್ಲಿ, ಕೆಟಲ್ಲಿನ ಮುಚ್ಚಳ. ಗಡಿಯಾರದ ಮುಳ್ಳಿಗೂ ಒಂದು. ಮೊದಲು ನಗು ಬಂತು. ಆಮೇಲೆ ತಿಳಿಯಿತು: ಇದು ಇದೆ, ಇಲ್ಲೇ ಇದೆ, ಮತ್ತೆ ಹುಡುಕಬೇಕಾಗಿಲ್ಲ ಎಂದು ಅವನು ಒಂದೊಂದನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ. ನಾನು ಒಂದನ್ನೂ ಒರೆಸಿಲ್ಲ.

ಹಾಗಾಗಿ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಈ ಕಿಟ್ಟನ್ನು ಸಾಗಿಸಿ ಆ ಜಾಗದಲ್ಲಿ ಕೀತ್‌ನ ಕಾರು ತಂದು ನಿಲ್ಲಿಸಿದರೆ? ಒಂದೂ ಸುಳ್ಳು ಹೇಳದ ಗೆರೆಗಳಿರುವ ಕಾರು. ಹೋದ ಭಾನುವಾರ ಧೈರ್ಯ ಮಾಡಿ ಕೇಳಿದೆ.

"ರಸ್, ಕೀತ್ ಕಾರನ್ನ ನಾವೇ ತರೋಣ್ವಾ?"

ಅವನು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ. "ನಾವು ತಂದ್ಬಿಟ್ರೆ ಕೀತ್ ಏನು ಮಾಡ್ತಾನೆ? ಬೇಸಿಗೆ ಬಂದ್ರೆ ಅವನಿಗೆ ಅದು ಬೇಕಲ್ಲ."

ಸುಮ್ಮನಿರಬಹುದಿತ್ತು. ಕೀತ್ ಈಗಿಲ್ಲ ಎಂದು ನಾನು ಹೇಳಿದೆ. ಯಾಕೆ ಹೇಳಿದೆನೆಂದು ವಾರವಿಡೀ ಕೇಳಿಕೊಂಡಿದ್ದೇನೆ. ನಿಜ ಹೇಳುವ ಅಭ್ಯಾಸವೋ, ಇಲ್ಲ ಇದೊಂದನ್ನಾದರೂ ಅವನು ನೆನಪಿಟ್ಟುಕೊಂಡಿರಲಿ ಎಂಬ ಆಸೆಯೋ. ಕೀತ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಆಗಷ್ಟೇ ಸುದ್ದಿ ಕೇಳಿದವನ ಹಾಗೆ ಅತ್ತ. ಬೆಣ್ಣೆಯ ಚಾಕು ಕೈಯಲ್ಲೇ ಇತ್ತು. ಸಂಜೆಗೆ ಅಳು ಮರೆತುಹೋಯಿತು. ಕಾರಣವಿಲ್ಲದ ದುಃಖ ಮಾತ್ರ ಮುಖದಲ್ಲಿ ಉಳಿಯಿತು.

ಆದ್ದರಿಂದ ನನ್ನ ಉತ್ತರ, ಮಾರಿಯನ್: ಲೆಸ್ಟರಿನವನಿಗೇ ಕೊಟ್ಟುಬಿಡು. ಇಲ್ಲಿಗೆ ಬಂದರೆ ರಸೆಲ್ ಅದನ್ನೂ ಬಿಚ್ಚುತ್ತಾನೆ. ಕೀತ್ ಬಿಗಿದದ್ದೆಲ್ಲ ಸಡಿಲವಾಗುತ್ತದೆ, ನಿನ್ನ ಉಗುರು ಬಣ್ಣದ ಮೇಲೆ ಹಳದಿ ಬರುತ್ತದೆ. ಅದನ್ನು ನೀನು ನೋಡಬಾರದು. ಓಡುವ ಕಾರು ಒಂದಾದರೂ ಓಡಿಕೊಂಡಿರಲಿ. ನಮ್ಮದು ತಪಾಸಣೆಗೆ ಹೋಗುವುದಿಲ್ಲ, ರಸ್ತೆಗೆ ಇಳಿಯುವುದಿಲ್ಲ. ಅವನ ಕೈಗೆ ಸ್ಪ್ಯಾನರ್ ಏನೆಂದು ಗೊತ್ತಿರುವವರೆಗೆ ಗ್ಯಾರೇಜಿನಲ್ಲಿ ಇರುತ್ತದೆ. ಕಟ್ಟುವುದೋ ಕೊಳ್ಳುವುದೋ ಎಂದು ನಾನು ತೂಗಿದ್ದೇ ತೂಗಿದ್ದು. ತಕ್ಕಡಿಯ ಎರಡು ಕಡೆಯೂ ಏನೂ ಇರಲಿಲ್ಲ.

ನಿನ್ನ ಕಾಲು ಬೇಗ ನೆಲಕ್ಕೂರಲಿ. ಚಳಿಗೆ ಮುಂಚೆ ಬಾಯ್ಲರನ್ನು ರಿಪೇರಿಯವನಿಗೆ ತೋರಿಸಿಬಿಡು. ನಿನ್ನ ಮೊಮ್ಮಗಳಿಗೆ ನನ್ನ ಮುದ್ದು. ದೇವರು ನಿನ್ನ ಮನೆಯ ದೀಪಗಳನ್ನೆಲ್ಲ ಹಾಗೇ ಇಟ್ಟಿರಲಿ.

ನಿನ್ನ
ಲಿನೆಟ್

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಮುಗಿಸಬೇಕೆಂದಿದ್ದೆ. ಗುರುವಾರ ಶಾಲೆಗೆ ರಜೆ ಹಾಕಿದ್ದೆ, ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ನನ್ನ ಮದುವೆಯ ಉಂಗುರದ ಮೇಲಿಂದ ಬೆರಳಿನ ಚರ್ಮದ ಮೇಲಕ್ಕೆ ಒಂದು ಹಳದಿ ಗೆರೆ, ಬೋಲ್ಟಿಗೆ ಎಳೆದ ಹಾಗೆಯೇ. ಇಷ್ಟು ಸಂತೋಷ ನನಗೆ ಈ ವರ್ಷದಲ್ಲಿ ಆಗಿರಲಿಲ್ಲ. ಗ್ಯಾರೇಜಿಗೆ ಟೀ ತೆಗೆದುಕೊಂಡು ಹೋದೆ. ರಸೆಲ್ ಮರ್ಯಾದೆಯಿಂದ ಎದ್ದು ನಿಂತ. "ಥ್ಯಾಂಕ್ಸ್ ಮೇಡಂ. ಆದ್ರೆ ನೀವು ಹೊರಡಿ ಈಗ. ನನ್ನ ಹೆಂಡ್ತಿ ಶಾಲೆಯಿಂದ ಬರೋ ಹೊತ್ತು. ತಪ್ಪು ತಿಳ್ಕೋತಾಳೆ" ಅಂದ.

ನಾನು ಈಚೆಗೆ ಸ್ವಲ್ಪ ಬಡವಾಗಿದ್ದೇನೆ, ಉಂಗುರ ನಿಲ್ಲುವುದಿಲ್ಲ, ಜರುಗುತ್ತದೆ. ಆ ಕೈಗೆ ನೀರು ಸೋಕಿಸುತ್ತಿಲ್ಲ. ಆದರೂ ಚರ್ಮದ ಮೇಲಿನ ಅರ್ಧ ಗೆರೆ ಮಾಸುತ್ತಿದೆ. ಅದು ಪೂರ್ತಿ ಹೋಗುವವರೆಗೆ ಉಂಗುರ ತಿರುಗಿಸಿ ತಿರುಗಿಸಿ ಗೆರೆಗೆ ಗೆರೆ ಕೂಡಿಸಿಕೊಳ್ಳುತ್ತಿರುತ್ತೇನೆ.