ಕಿವಿ, ಬಾಯಿ, ಹೊಟ್ಟೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ನನ್ನ ಮೊಂಡು ತಮ್ಮನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಬಂದರಿನ ಕ್ರೇನಿನಲ್ಲಿ ಕೂತರೆ ಯಾರ ಬೆನ್ನು ತಾನೇ ನೆಟ್ಟಗಿದ್ದೀತು! ಹೊತ್ತಿಗೆ ಸರಿಯಾಗಿ ಊಟ ಮಾಡು. ಒಂದು ಬನ್ನು ತಿಂದು ಊಟವಾಯಿತು ಎಂದು ಬರೆಯಬೇಡ, ನಿನ್ನ ಬಂಡವಾಳವೆಲ್ಲ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ನಿನ್ನ ಹಿಂದಿನ ಪತ್ರದ ಕೊನೆಯ ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಆ ಡಿಸ್ಕು ನಾನು ಕದ್ದಿಲ್ಲ ಅಂತ ಅಪ್ಪ ಬಾಯಿಬಿಟ್ಟು ಹೇಳಲಿ, ಆವತ್ತೇ ಮನೆಗೆ ಬರ್ತೀನಿ" ಎಂದಿದ್ದೆ. ಈ ಪತ್ರ ಅದಕ್ಕೇ.

ಗೋದಾಮು ನೀನು ಬಿಟ್ಟುಹೋದ ಹಾಗೇ ಇದೆ. ಆಫೀಸುಗಳು ಎಸೆದ ಕಂಪ್ಯೂಟರುಗಳು ಲಾರಿಯಲ್ಲಿ ಬರುತ್ತವೆ, ನಾವು ಬಿಚ್ಚಿ ಬೇರೆ ಬೇರೆ ಮಾಡುತ್ತೇವೆ. ಮಾಲೀಕರು ಗೋಡೆಯ ಮೇಲೆ ಇನ್‌ಪುಟ್, ಔಟ್‌ಪುಟ್, ಸ್ಟೋರೇಜ್ ಎಂದು ದೊಡ್ಡದಾಗಿ ಬರೆಸಿದ್ದಾರೆ, ಯಾರೂ ಅದರ ಕಡೆ ತಲೆ ಎತ್ತುವುದಿಲ್ಲ. ಎಲ್ಲರಿಗೂ ಅಪ್ಪ ಇಟ್ಟ ಹೆಸರುಗಳೇ ಸಾಕು. ಕೀಬೋರ್ಡು, ಮೌಸು, ಸ್ಕ್ಯಾನರು, ಕ್ಯಾಮೆರಾ ಎಲ್ಲ ಕಿವಿಯ ತೊಟ್ಟಿಗೆ, ಏಕೆಂದರೆ ಕಂಪ್ಯೂಟರು ಕೇಳಿಸಿಕೊಳ್ಳುವುದು ಅವುಗಳಿಂದ. ಮಾನಿಟರು, ಪ್ರಿಂಟರು, ಸ್ಪೀಕರು ಬಾಯಿಯ ತೊಟ್ಟಿಗೆ. ಹಾರ್ಡ್ ಡಿಸ್ಕು, ಪೆನ್ ಡ್ರೈವು ಹೊಟ್ಟೆಗೆ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಬಾಯಿಯ ತೊಟ್ಟಿಗೆ ಯಾಕೆ ಎಂದು ನೀನು ವಾದಕ್ಕಿಳಿದಾಗ ಅಪ್ಪ ಅದರ ಮೈಕನ್ನು ಕಚಕ್ಕನೆ ಕತ್ತರಿಸಿ, "ಇದು ಕಿವಿ, ಮಿಕ್ಕಿದ್ದು ಬಾಯಿ, ನಿಂದು ಮುಚ್ಚು" ಎಂದಿದ್ದರಲ್ಲ. ಮೊದಲ ಸಲ ಟಚ್ ಸ್ಕ್ರೀನು ಬಂದ ದಿನ ಅದು ಕಿವಿಯೋ ಬಾಯಿಯೋ ತೀರ್ಮಾನವಾಗದೆ ಮಧ್ಯಾಹ್ನದ ಊಟವನ್ನೂ ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದರು. ಅಂಥ ಮನುಷ್ಯ.

ಆ ಮನುಷ್ಯನಿಗೆ ಈಗ ತೊಟ್ಟಿಗಳು ತಿಳಿಯುತ್ತಿಲ್ಲ. ಶುರುವಿನಲ್ಲಿ ಒಂದು ಮೌಸು ಬಾಯಿಗೆ ಬಿತ್ತು, ನಾನು ಸದ್ದಿಲ್ಲದೆ ತೆಗೆದು ಕಿವಿಗೆ ಹಾಕಿದೆ. ಆಮೇಲೆ ದಿನವೂ ಅವರ ಬೆನ್ನ ಹಿಂದೆ ನಿಂತು ಅವರು ಹಾಕಿದ್ದನ್ನೆಲ್ಲ ಮತ್ತೆ ವಿಂಗಡಿಸುವುದೇ ನನ್ನ ಕೆಲಸವಾಯಿತು. ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿದರು. ಇದು ಮರೆವಿನ ಕಾಯಿಲೆ, ವರ್ಷಗಳ ಹಿಂದೆಯೇ ಶುರುವಾಗಿರಬೇಕು, ವಾಸಿಯಾಗುವುದಲ್ಲ ಎಂದರು. ಔಷಧಿ ಬರೆದುಕೊಟ್ಟರು, ಆದರೆ ಅದನ್ನು ಬರೆಯುವಾಗ ನನ್ನ ಮುಖ ನೋಡಲಿಲ್ಲ.

ಎರಡು ವಾರದ ಹಿಂದೆ, ಬಾಯಿಯ ತೊಟ್ಟಿಯ ಪಕ್ಕದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಆ ದೊಡ್ಡ ಪ್ರಿಂಟರಿಗೆ ಕೊನೆಗೂ ಒಬ್ಬ ಗಿರಾಕಿ ಬಂದ. ಪುಡಿಮಾಡುವ ಯಂತ್ರ ನಡೆಸುವ ನಮ್ಮ ಯಂತ್ರದಣ್ಣ ಅದನ್ನು ಎತ್ತಲು ಹೋದವನು ಒಳಗೆ ಏನೋ ಲೊಡಲೊಡ ಎನ್ನುತ್ತಿದೆಯೆಂದು ಕಾಗದದ ಟ್ರೇ ಎಳೆದ. ಅದರಲ್ಲಿ ಅಪ್ಪನ ಹಳೆಯ ಕನ್ನಡಕವಿತ್ತು, ನಾವು ಮನೆಯೆಲ್ಲ ಜಾಲಾಡಿದ್ದೆವಲ್ಲ, ಅದೇ. ಊಟದ ಡಬ್ಬಿಯ ಮುಚ್ಚಳವಿತ್ತು. ಅವುಗಳ ಕೆಳಗೆ ಕೆಂಪು ಟೇಪು ಸುತ್ತಿದ ಡಿಸ್ಕು, ವಕೀಲರ ಆಫೀಸಿನದು. ಹೊಟ್ಟೆಗೆ ಬಿದ್ದದ್ದು ಅದೇ ದಿನ ಪುಡಿಯಾಗಬೇಕು, ಹೊರಗೆ ಹೋದರೆ ಕಂಡವರ ಗುಟ್ಟೆಲ್ಲ ಬೀದಿಗೆ ಬಂದಂತೆ ಎಂದು ಇದು ಕಾಣೆಯಾದ ದಿನ ಎಲ್ಲರೂ ನಡುಗಿದ್ದೆವು. ಅಪ್ಪ ಎಲ್ಲರೆದುರಿಗೆ ನಿಂತು, "ಹೊಟ್ಟೆ ತೊಟ್ಟಿ ಮುಟ್ಟಿದ್ದು ನನ್ನ ಮಗ ಒಬ್ಬನೇ" ಎಂದಿದ್ದು ಇದೇ ಡಿಸ್ಕಿಗಾಗಿ. ಅವರೇ ಭದ್ರವಾಗಿಟ್ಟು ಅವರೇ ಮರೆತಿದ್ದರು. ಕಾಯಿಲೆ ಆಗಲೇ ಒಳಗೆ ಬಂದು ಕೂತಿತ್ತು, ನಾವು ಅದನ್ನು ಅಪ್ಪನ ಕೋಪ ಎಂದುಕೊಂಡೆವು. ಯಂತ್ರದಣ್ಣ ಡಿಸ್ಕನ್ನು ನನ್ನ ಕೈಗಿಟ್ಟ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಮಾಲೀಕರು ಬಂದು, "ತಮ್ಮನಿಗೆ ಹೇಳಮ್ಮ, ಅವನ ಕೆಲಸ ಇದ್ದೇ ಇದೆ" ಎಂದರು. ಅದೇ ಉಸಿರಿನಲ್ಲಿ, "ಅಪ್ಪನ್ನ ನಾಳೆಯಿಂದ ಕರ್ಕೊಂಡ್ ಬರಬೇಡ" ಎಂದೂ ಹೇಳಿದರು. ಅವರ ತಪ್ಪೇನೂ ಇಲ್ಲ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ದೊಡ್ಡಮ್ಮ ಅವರನ್ನು ನೋಡಿಕೊಳ್ಳುತ್ತಾರೆ. ಅಪ್ಪ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತಾರೆ, ದೊಡ್ಡಮ್ಮ ಇವತ್ತು ರಜೆ ಎನ್ನುತ್ತಾರೆ, ಅಪ್ಪ ನಂಬಿ ಚಪ್ಪಲಿ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬಿ ಹುಡುಕುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ, ಈಗ ಆಗುವುದಿಲ್ಲ. ಅಮ್ಮ ಇದನ್ನು ನೋಡದೆ ಹೋದಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಗಾಳಿಗೆ ಮೈ ಒಡ್ಡಬೇಡ, ಮೇಲೆ ಹತ್ತುವಾಗ ಎಚ್ಚರ. ನೀನು ಎಲ್ಲೇ ಇದ್ದರೂ ತಣ್ಣಗಿರು.

ನಿನ್ನ
ಅಕ್ಕ

ಇನ್ನೊಂದು ಮಾತು: ಪತ್ರ ಮಡಚಿಟ್ಟೆ, ಮನಸ್ಸು ಕೇಳಲಿಲ್ಲ. ಇವತ್ತು ಅಪ್ಪನನ್ನು ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. "ನನ್ನ ಮಗನ್ನ ಕಳ್ಳ ಅಂದೋನು ಯಾವನು? ಕರಿ ಅವನನ್ನ!" ಎಂದು ಎದ್ದು ನಿಂತರು. ಅಷ್ಟನ್ನೇ ಬರೆದಿದ್ದರೆ ನೀನು ನಾಳೆಯೇ ಹೊರಡುತ್ತಿದ್ದೆ, ಆದರೆ ನಿನಗೆ ಸುಳ್ಳು ಹೇಳಲಾರೆ. "ನೀವೇ ಅಪ್ಪ" ಎಂದೆ. ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹೊಸದಾಗಿ ಸೇರಿದ್ದೀಯೇನಮ್ಮ? ಹೆದರಬೇಡ, ನನ್ನ ಮಗ ಬಂದು ಕೆಲಸ ಕಲಿಸ್ತಾನೆ, ಅವನಷ್ಟು ನಂಬಿಕಸ್ಥ ಇಲ್ಲಿ ಯಾರೂ ಇಲ್ಲ" ಎಂದರು. ನೀನು ಕೇಳಿದ ಮಾತು ಇದಲ್ಲ, ಅದು ಇನ್ನು ಸಿಗುವುದೂ ಇಲ್ಲ. ಬಂದರೆ ಅವರನ್ನು ಏನೂ ಕೇಳದೆ ಬಾ. ಈ ಮನೆಯಲ್ಲಿ ನನ್ನನ್ನು ಗುರುತು ಹಿಡಿಯುವವರು ಒಬ್ಬರಾದರೂ ಬೇಕು.