ನಿನ್ನೆ ನೆನಪಿಲ್ಲದ ನಾಯಿ

ಜುಲೈ 3
ಮತ್ತೆ ಅದೇ ಕೆಲಸ. ಕಚೇರಿಯವರೆಲ್ಲ ಬಾಯ್ಕೆ, ಅಂದರೆ ದೊಡ್ಡಣ್ಣ, ಎಂದು ಕರೆಯುವ ತೊಲುಬಾಯ್ ತಮ್ಮ ಹರೆಯದಲ್ಲಿ ಫೋರ್ಟ್ರಾನ್‌ನಲ್ಲಿ ಬರೆದ ಪ್ರೋಗ್ರಾಮನ್ನು ಸಿ ಭಾಷೆಗೆ ತರುವುದು. ಮೇಲೆ, ಹಿಮಸರೋವರದ ದಡದಲ್ಲಿ ಕೂರಿಸಿದ ಪುಟ್ಟ ಪೆಟ್ಟಿಗೆಗೆ ಸಿ ಮಾತ್ರ ಒಗ್ಗುತ್ತದೆ. ನೀರು ದಿಢೀರ್ ಏರಿದರೆ ಸೈರನ್ ಕೂಗಿಸಬೇಕು — ಅಷ್ಟೇ.
ಸರೋವರದ ಕೆಳಗಿನ ಹುಲ್ಲುಗಾವಲಲ್ಲಿ ಅಣ್ಣ ಎರ್ಮೆಕ್, ಅತ್ತಿಗೆ, ಕುರಿಗಳು. ಬೇಸಿಗೆಯಿಡೀ ಡೇರೆ ಅಲ್ಲೇ. ಫೋನು ಬೇಕೆಂದರೆ ದಿಬ್ಬ ಹತ್ತಬೇಕು.

ಜುಲೈ 5
ಕಂಪೈಲರ್‌ನದು ಒಂದೇ ರಗಳೆ: 'ಹಿಂದಿನ ಮಟ್ಟ'ಕ್ಕೆ ಮೊದಲ ಬೆಲೆ ಇಲ್ಲವಂತೆ. ಈಗಿನ ಮಟ್ಟವನ್ನೇ ತುಂಬಿದೆ. ಬಾಯಿ ಮುಚ್ಚಿತು. ಹಳೆಯದನ್ನೂ ಹೊಸದನ್ನೂ ಜೊತೆಗೆ ಓಡಿಸಿದೆ. ಏರಿಕೆ ಸೊನ್ನೆ, ಏರಿಕೆ ಸೊನ್ನೆ... ಅವಳಿ ಕುರಿಮರಿಗಳು.
ಬಾಯ್ಕೆ ಹುಳಿಸಿದ ಕುದುರೆಹಾಲು, ಕುಮಿಸ್, ಹೀರುತ್ತಾ, ತಮ್ಮದು ಕಾವಲುನಾಯಿ, ನಾನು ತಂದದ್ದು ನಾಯಿಯೋ ಬರೀ ಅದರ ಚರ್ಮವೋ ಎಂದು ಕೆಣಕಿದರು. ನಕ್ಕೆ.

ಜುಲೈ 6
ಹಳೆಯ ಕಂಪ್ಯೂಟರ್ ನಿಲ್ಲಿಸಿದೆವು. ಬಾಯ್ಕೆ ಅದರ ಮೇಲೆ ರೊಟ್ಟಿ ಚೂರಿಟ್ಟು, ಎರಡೂ ಅಂಗೈ ಮುಖಕ್ಕೆ ಸವರಿಕೊಂಡರು. ಸತ್ತವರಿಗೆ ಮಾಡಿದ ಹಾಗೆ.

ಜುಲೈ 19, ಬೆಳಗ್ಗೆ 11
ವಾರದಿಂದ ಉರಿಬಿಸಿಲು. ಹಿಮ ಕರಗುತ್ತಿದೆ. ಪರದೆಯಲ್ಲಿ ಸರೋವರದ ಮಟ್ಟ ಗಂಟೆಗಂಟೆಗೂ ಮೇಲೆ. ಪಕ್ಕದಲ್ಲಿ ಮಾತ್ರ — ಏರಿಕೆ ಸೊನ್ನೆ. ಸೈರನ್ ಇಲ್ಲ.
ಎರ್ಮೆಕ್ ಫೋನಿಗೆ ಸಿಗುತ್ತಿಲ್ಲ. ಅವರನ್ನು ಎಚ್ಚರಿಸಲು ಇಲ್ಲಿಂದ ಜೀಪು ಹೊರಟಿದೆ, ತಲುಪುವಾಗ ಸಂಜೆಯಾದೀತು.

11.20
ಬಾಯ್ಕೆಗೆ ನನ್ನ ಕೋಡನ್ನು ಫೋನಿನಲ್ಲೇ ಓದಿ ಹೇಳಿದೆ. 'ಹಿಂದಿನ ಮಟ್ಟ'ದ ಸಾಲನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ —
"ಹಳೇ ಮಷೀನಲ್ಲಿ ಇಟ್ಟ ಸಂಖ್ಯೆ ಇಟ್ಟಲ್ಲೇ ಇರ್ತಿತ್ತು ತಂಗಿ. ಅದನ್ನ ನಂಬ್ಕೊಂಡೇ ಬರ್ದಿದ್ದೆ. ನಿಂದು ಪ್ರತಿ ಸಲ ಮರ್ತು ಹೊಸದಾಗಿ ಶುರು ಮಾಡುತ್ತೆ. ನಿನ್ನೆ ನೆನಪಿಲ್ಲದ ನಾಯಿ ಯಾರನ್ನ ನೋಡಿ ಬೊಗಳುತ್ತೆ?"
ಈಗಿನ ಮಟ್ಟದಿಂದ ಈಗಿನ ಮಟ್ಟವನ್ನೇ ಕಳೆದರೆ ಸೊನ್ನೆ. ನಾನು ಪರೀಕ್ಷಿಸಿದ ದಿನ ಸರೋವರ ಅಲುಗಿರಲಿಲ್ಲ. ಅದಕ್ಕೇ ಅವಳಿ ಮರಿಗಳು.

11.45
ಸೇರಿಸಿದ್ದು ಒಂದೇ ಪದ — ಸ್ಟ್ಯಾಟಿಕ್. ಇಟ್ಟದ್ದು ಇಟ್ಟಲ್ಲೇ ಇರಲಿ ಎಂದು. ಮೊದಲ ಬೆಲೆಗೆ ಮುಂಜಾವದ ಮಟ್ಟ. ಕಂಪೈಲ್ ಮಾಡಿ ರೇಡಿಯೋದಲ್ಲಿ ಮೇಲಕ್ಕೆ ಕಳಿಸಿದೆ.
ಪೆಟ್ಟಿಗೆ ಎದ್ದಿತೋ ಇಲ್ಲವೋ. ಪರದೆ ಖಾಲಿ.

12.10
ಎರ್ಮೆಕ್‌ನ ಫೋನು. ದಿಬ್ಬದ ಮೇಲಿಂದ, ಏದುಸಿರು. ಹಿಂದೆ ಕುರಿಗಳ ಅರಚಾಟ, ಅದರಾಚೆ ಉದ್ದನೆಯ ಕೂಗು.
"ನಿನ್ನ ಪೆಟ್ಟಿಗೆ ಬಾಯಿ ಮುಚ್ತಾನೇ ಇಲ್ಲ ಕಣೇ ಬುರುಲ್. ಡೇರೆ ಕೊಚ್ಕೊಂಡು ಹೋಯ್ತು, ಹೋಗ್ಲಿ. ನಿಮ್ಮತ್ತಿಗೆ ಕುದುರೆ ಬಿಚ್ಚೋಕೆ ಅಂತ ಕೆಳಗೆ—"
ಲೈನ್ ಹೋಯಿತು. ಹಚ್ಚುತ್ತಲೇ ಇದ್ದೇನೆ.

12.35
ಫೋನು. ಮಾತಿಗೆ ಮೊದಲು ಕುದುರೆ ಕೆನೆಯಿತು. ಆಮೇಲೆ ಅತ್ತಿಗೆ, ಬೈಯುತ್ತಾ... ಬೈಯಲಿ, ಎಷ್ಟು ಬೇಕಾದರೂ ಬೈಯಲಿ.